ಹಳೆಯ ಅಜೀರ್ಣವೂ ಒಂದು ಸುರುಳಿಜೀವಿಯೂ

ಮಾರಿಕುಪ್ಪದಿಂದ ಹೊರಟು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಸಾಗುವ ಬೆಳಗಿನ ರೈಲುಗಾಡಿಯಲ್ಲಿ ಪ್ರಯಾಣಿಕರ ಮಾತಿಗೆ ಕಿವಿಗೊಟ್ಟರೆ 'ಗ್ಯಾಸ್ಟ್ರಿಕ್' ಎಂಬ ಮಾತು ನಮಗೆ ಕೇಳಿಬರದೆ ಇರದು. ಎದೆಯುರಿ, ಹುಳಿತೇಗು, ಮೇಲ್ಹೊಟ್ಟೆಯ ನೋವು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಇವೆಲ್ಲಕ್ಕೂ ಜನ ಇಟ್ಟಿರುವ ಹೆಸರು ಅದೊಂದೇ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ದುಡಿಮೆಗಾಗಿ ನಿತ್ಯವೂ ಬೆಂಗಳೂರಿಗೆ ಹೋಗಿಬರುವವರು ಅನೇಕರಿದ್ದಾರೆ. ಹೊತ್ತಿಲ್ಲದ ಹೊತ್ತಿನ ಊಟವೇ ತಮ್ಮ ಅಜೀರ್ಣಕ್ಕೆ ಕಾರಣವೆಂದು ಕೆಲವರು ಹೇಳಿದರೆ, ಮತ್ತೆ ಕೆಲವರು ಬಂಗಾರಪೇಟೆಯ ತಿಳಿನೀರಿನ ಪಾನಿಪುರಿಯನ್ನು ದೂರುತ್ತಾರೆ. ಆದರೆ ವರ್ಷಗಟ್ಟಲೆ ಆಮ್ಲಶಾಮಕ ಗುಳಿಗೆಗಳನ್ನು ನುಂಗಿದರೂ ಹೋಗದ ಅಜೀರ್ಣಕ್ಕೆ ಬೇರೆ ಕಾರಣವೇನಾದರೂ ಇರಬಹುದೆ?

ಇರಬಹುದು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಒಬ್ಬರು ಚಿನ್ನದ ಗಣಿಯ ಊರಿನಲ್ಲೇ ಹುಟ್ಟಿದವರೆಂಬುದು ಸ್ವಾರಸ್ಯದ ಸಂಗತಿ. ಅವರೇ ಪಶ್ಚಿಮ ಆಸ್ಟ್ರೇಲಿಯದ ಕಾಲ್‌ಗೂರ್ಲಿಯಲ್ಲಿ 1951ರಲ್ಲಿ ಜನಿಸಿದ ಬ್ಯಾರಿ ಮಾರ್ಷಲ್. ಜಠರದ ಆಮ್ಲದಲ್ಲಿ ಯಾವ ಜೀವಾಣುವೂ ನೆಲೆಯೂರಲಾರದೆಂದು ವೈದ್ಯರು ಬಹುಕಾಲ ನಂಬಿದ್ದರು. ಪರ್ತ್ ನಗರದ ರಾಬಿನ್ ವಾರನ್ ಅವರಿಗಾದರೋ ರೋಗಿಗಳ ಜಠರದ ಪೊರೆಯಲ್ಲಿ ಸುರುಳಿಯಾಕಾರದ ಜೀವಾಣುಗಳು ಮತ್ತೆ ಮತ್ತೆ ಕಾಣುತ್ತಿದ್ದುವು. ಮಾರ್ಷಲ್ ಅವರೊಡನೆ ಅವನ್ನು ಬೆಳೆಸಲು ಮಾಡಿದ ಯತ್ನಗಳು ವಿಫಲವಾಗುತ್ತಲೇ ಇದ್ದುವು. 1982ರ ಈಸ್ಟರ್ ರಜೆಯಲ್ಲಿ, ಎರಡು ದಿನಕ್ಕೇ ಎಸೆಯಬೇಕಾಗಿದ್ದ ತಟ್ಟೆಗಳು ಐದು ದಿನ ಹಾಗೆಯೇ ಉಳಿದುವು. ಅಷ್ಟರಲ್ಲಿ ಜೀವಾಣುಗಳು ಬೆಳೆದಿದ್ದುವು! ಆದರೂ ಬಹುಮಂದಿ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅವರು ಆ ಜೀವಾಣುಗಳ ಕಷಾಯವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ, ಹೊಟ್ಟೆಯ ಸಂಕಟಗಳಿಂದ ಬಳಲಿದರು. ಪರೀಕ್ಷಿಸಿದಾಗ ಜಠರದ ಪೊರೆ ಉರಿಯೂತಗೊಂಡಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಈ ಜೀವಿಯ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಇದು ಆಮ್ಲದಲ್ಲಿ ಬದುಕುವ ಬಗೆಯನ್ನು ಗಣಿಯ ನಾಡಿನ ವಾಚಕರಿಗೆ ತಿಳಿಸುವುದು ಸುಲಭ. ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆಗಳ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಅನ್ನು ಮೀರಿತ್ತು. ಮೇಲಿನಿಂದ ತಂಪುಗಾಳಿಯನ್ನು ಕಳುಹಿಸಿ ಮನುಷ್ಯ ಅಲ್ಲಿ ದುಡಿದ. ಈ ಜೀವಾಣುವೂ ಹಾಗೆಯೇ ತನ್ನ ಸುತ್ತ ತನಗೆ ಬೇಕಾದ ಹವೆಯನ್ನು ಕಲ್ಪಿಸಿಕೊಳ್ಳುತ್ತದೆ. ಅದು ಸ್ರವಿಸುವ ಯೂರಿಯೇಸ್ ಎಂಬ ಕಿಣ್ವವು ಜಠರದಲ್ಲಿರುವ ಯೂರಿಯವನ್ನು ಒಡೆದು ಅಮೋನಿಯವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಉಂಟುಮಾಡುತ್ತದೆ. ಅಮೋನಿಯ ಕ್ಷಾರೀಯ, ಆದುದರಿಂದ ಜೀವಾಣುವಿನ ಸುತ್ತಲ ಆಮ್ಲ ಶಮನವಾಗುತ್ತದೆ. ಬಳಿಕ ಅದು ಲೋಳೆಯ ಪದರದೊಳಕ್ಕೆ ಕೊರೆದು ಹೊಕ್ಕು ಅಲ್ಲಿಯೇ ಬೀಡುಬಿಡುತ್ತದೆ.

ಹಾಗಾದರೆ ಇದು ನಮ್ಮೊಳಗೆ ಸೇರುವುದು ಯಾವಾಗ? ಬಹುಪಾಲು ಬಾಲ್ಯದಲ್ಲೇ, ಮನೆಯವರಿಂದಲೇ. ಒಂದೇ ಕೋಣೆಯಲ್ಲಿ ಹಲವರು ಮಲಗುವ, ನೀರಿಗೂ ಶೌಚಕ್ಕೂ ಅನುಕೂಲ ಸಾಲದ ಮನೆಗಳಲ್ಲಿ ಸೋಂಕು ಹೆಚ್ಚು. ಗಣಿಯ ಕಾರ್ಮಿಕರ ಲೈನುಗಳಲ್ಲಿ ತಲೆಮಾರುಗಳು ಕಳೆದುದು ಅಂತಹ ಇಕ್ಕಟ್ಟಿನ ಮನೆಗಳಲ್ಲೇ. ನಿನ್ನೆ ತಿಂದ ಪಾನಿಪುರಿಯು ಇಂದಿನ ತೇಗಿಗೆ ಕಾರಣವಾದೀತು. ಹತ್ತು ವರ್ಷದ ಅಜೀರ್ಣದ ಹೊಣೆಯನ್ನೆಲ್ಲ ಅದರ ಮೇಲೆ ಹೊರಿಸುವುದು ನ್ಯಾಯವಲ್ಲ.

ಆದರೆ ಎಲ್ಲವನ್ನೂ ಜೀವಾಣುವಿನ ತಲೆಗೆ ಕಟ್ಟುವುದೂ ಸರಿಯಲ್ಲ. ಸೋಂಕು ತಗುಲಿದವರಲ್ಲಿ ಬಹುಮಂದಿಗೆ ಯಾವ ತೊಂದರೆಯೂ ಇರುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವೆಯವರು ಭಾರತದಲ್ಲಿ ಕರುಳಿನ ಹುಣ್ಣು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದನ್ನು ಶ್ರಮವಹಿಸಿ ಅಭ್ಯಸಿಸಿದರು. ಪಾಲಿಶ್ ಮಾಡಿದ ಅಕ್ಕಿಯನ್ನು ಉಣ್ಣುವ ಸೀಮೆಗಳಲ್ಲಿ ಹುಣ್ಣು ಹೆಚ್ಚೆಂದೂ, ಹೊಟ್ಟು ತೆಗೆಯದ ಗೋಧಿಯನ್ನೋ ಕೆಲವು ಕಿರುಧಾನ್ಯಗಳನ್ನೋ ಉಣ್ಣುವ ಕಡೆ ಕಡಿಮೆಯೆಂದೂ ಅವರಿಗೆ ತೋರಿತು. ಜೀವಾಣುವಿನ ಸೋಂಕಾದರೋ ಎರಡು ಕಡೆಯೂ ವ್ಯಾಪಕವೇ. ಹುರುಳಿಯ ಜಿಡ್ಡಿನಂಶವು ಹುಣ್ಣನ್ನು ತಡೆಯುವ ಗುಣ ತೋರಿತೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಅವರು ಮುಂದೆ ವರದಿಮಾಡಿದರು. ಕೋಲಾರ ಸೀಮೆಯ ಹುರುಳಿ ಸಾರಿಗೆ ಇದು ಸಲ್ಲುವ ಗೌರವವೇ ಸರಿ. ಆದರೆ ಸಾರಿನಿಂದ ಸೋಂಕು ಹೋಗುವುದೆಂದು ಯಾರೂ ಭಾವಿಸಬಾರದು.

ಸೋಂಕಿದೆಯೆ ಎಂದು ಅರಿಯಲು ಸೊಗಸಾದ ಉಪಾಯವೊಂದಿದೆ. ಗುರುತಿಟ್ಟ ಇಂಗಾಲವುಳ್ಳ ಯೂರಿಯವನ್ನು ರೋಗಿಗೆ ಕುಡಿಸಿ, ಸ್ವಲ್ಪ ಹೊತ್ತಿನ ಮೇಲೆ ಅವನ ಉಸಿರನ್ನು ಪರೀಕ್ಷಿಸುತ್ತಾರೆ. ಆ ಇಂಗಾಲ ಉಸಿರಿನಲ್ಲಿ ತಕ್ಕಷ್ಟು ಕಂಡುಬಂದರೆ ಒಳಗೆ ಯೂರಿಯವನ್ನು ಒಡೆಯುವ ಜೀವಿಯಿದೆಯೆಂದು ಅರ್ಥ. ಮಲಪರೀಕ್ಷೆಯಿಂದಲೂ ಇದನ್ನು ತಿಳಿಯಬಹುದು. ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ರಕ್ತವಾಂತಿಯಾದರೆ, ಮಲ ಕಪ್ಪಾದರೆ ಮಾತ್ರ ತಡಮಾಡದೆ ಅಂತರ್ದರ್ಶಕದಿಂದ ಜಠರವನ್ನೇ ನೋಡಿಸಬೇಕು. ಈ ಸೋಂಕು ಕೆಲವರಲ್ಲಿ ಜಠರದ ಕ್ಯಾನ್ಸರಿಗೂ ದಾರಿಮಾಡಿಕೊಡುತ್ತದೆ.

ಚಿಕಿತ್ಸೆ ಸಾಮಾನ್ಯವಾಗಿ 14 ದಿನಗಳದು. ಆಮ್ಲದ ಸ್ರಾವವನ್ನು ತಗ್ಗಿಸುವ ಔಷಧದೊಡನೆ ಎರಡು ಪ್ರತಿಜೀವಕಗಳನ್ನು, ಕೆಲವು ವೇಳೆ ಬಿಸ್ಮತ್ ಲವಣವನ್ನೂ ವೈದ್ಯರು ಕೊಡುತ್ತಾರೆ. (ಬಿಸ್ಮತ್ತಿನಿಂದಲೂ ಮಲ ಕಪ್ಪಾಗುತ್ತದೆ, ಅದಕ್ಕೆ ಗಾಬರಿಪಡಬೇಕಿಲ್ಲ.) ನಮ್ಮ ದೇಶದಲ್ಲಿ ಭೇದಿಯಾದಾಗಲೆಲ್ಲ ಮೆಟ್ರೊನಿಡಜೋಲ್ ನುಂಗುವ ಅಭ್ಯಾಸದಿಂದ ಈ ಜೀವಾಣುಗಳಲ್ಲಿ ಅನೇಕವು ಆ ಔಷಧಕ್ಕೆ ಬಗ್ಗದಂತಾಗಿವೆ. ನಾಲ್ಕು ದಿನಕ್ಕೇ ಹಾಯೆನಿಸಿತೆಂದು ಗುಳಿಗೆ ಬಿಡುವವರು ಉಳಿದ ಜೀವಾಣುಗಳನ್ನು ಇನ್ನಷ್ಟು ಗಟ್ಟಿಮಾಡುತ್ತಾರೆ.

ಇಷ್ಟರಿಂದ ಎಷ್ಟು ಗುಣ? ಹುಣ್ಣಿದ್ದವರಿಗೆ ಲಾಭ ದೊಡ್ಡದು: ಹಿಂದೆ ಆಮ್ಲದ ಚಿಕಿತ್ಸೆಯನ್ನು ನಿಲ್ಲಿಸಿದ ವರ್ಷದೊಳಗೆ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಮರುಕಳಿಸುತ್ತಿದ್ದ ಹುಣ್ಣು, ಸೋಂಕು ತೊಲಗಿದ ಮೇಲೆ ಕೆಲವರಲ್ಲಿ ಮಾತ್ರ ಮರಳುತ್ತದೆ. ಹುಣ್ಣಿಲ್ಲದೆ ಬರಿಯ ಅಜೀರ್ಣದಿಂದ ನರಳುವ ಸೋಂಕಿತರಲ್ಲಾದರೋ ಸುಮಾರು 14 ಜನಕ್ಕೆ ಚಿಕಿತ್ಸೆ ಮಾಡಿದರೆ ಒಬ್ಬರಿಗೆ ಅದರಿಂದಲೇ ಪರಿಹಾರ ಸಿಕ್ಕೀತು. ಅದೂ ಮರುದಿನವೇ ಅಲ್ಲ, ತಿಂಗಳುಗಳು ಕಳೆದ ಮೇಲೆ. ಆದುದರಿಂದ ಗುಳಿಗೆಗಳು ಮುಗಿದ ಕೂಡಲೇ ತೇಗು ನಿಲ್ಲಲಿಲ್ಲವೆಂದು ಚಿಕಿತ್ಸೆಯನ್ನು ಹಳಿಯಬಾರದು. ನಾಲ್ಕು ವಾರ ಬಿಟ್ಟು ಉಸಿರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕು. ಅದಕ್ಕೆ ಮುಂಚೆ ಎರಡು ವಾರ ಓಮೆಪ್ರಜೋಲ್‌ನಂತಹ ಗುಳಿಗೆಗಳನ್ನು ವೈದ್ಯರನ್ನು ಕೇಳಿ ನಿಲ್ಲಿಸಿರಬೇಕು. ಇಲ್ಲವಾದರೆ ಜೀವಾಣುಗಳು ಒಳಗಿದ್ದರೂ ಪರೀಕ್ಷೆಗೆ ಸಿಕ್ಕದೆ ಹೋಗಬಹುದು.