ಕಾಯಿಲೆ ಹೋದ ಮೇಲೆ ಆಸ್ಪತ್ರೆಯಲ್ಲಿ ಏನು ಉಳಿಯಿತು?



ಮಂಗನ ಕಾಯಿಲೆಗೆ ವೈದ್ಯರು ಇಟ್ಟ ಹೆಸರು ಕ್ಯಾಸನೂರು ಅರಣ್ಯ ಕಾಯಿಲೆ. ಈ ಕ್ಯಾಸನೂರು ನಮ್ಮ ಸೊರಬ ತಾಲ್ಲೂಕಿನದ್ದೇ. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಳ್ಳಿಯವರಿಗೂ ಜ್ವರ ಬಂತು. ಪುಣೆಯ ವಿಜ್ಞಾನಿಗಳು ಬಂದು, ಇದು ಉಣುಗಿನ ಕಡಿತದಿಂದ ಬರುವ ಹೊಸ ವೈರಾಣು ಎಂದು ಕಂಡುಹಿಡಿದರು. ಆ ಕಷ್ಟದಿಂದಲೇ ಮುಂದೆ ಶಿವಮೊಗ್ಗದಲ್ಲಿ ಪ್ರಯೋಗಾಲಯ ಬಂತು, ಲಸಿಕೆಯೂ ಬಂತು.

ಆದರೂ 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಮತ್ತೆ ಎದ್ದು ಹಲವರು ತೀರಿಕೊಂಡರು. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಈ ಕಾಯಿಲೆಗೇ ಅಂತ ಬೇರೆ ಮದ್ದಿಲ್ಲ. ಬೇಗ ಗುರುತಿಸಿ ಆರೈಕೆ ಮಾಡುವುದೇ ದಾರಿ. ಸೌದೆ, ಸೊಪ್ಪು, ದರಗಿಗೆ ಕಾಡಿಗೆ ಹೋಗುವವರು ನಾವೇ. ಆದ್ದರಿಂದ ಆಸ್ಪತ್ರೆ ಪಾಠ ಮರೆತರೆ ಪೆಟ್ಟು ಬೀಳೋದೂ ನಮಗೇ.

ಆಸ್ಪತ್ರೆ ಯಾಕೆ ಮರೆಯುತ್ತದೆ? ಮಳೆ ಹಿಡಿದರೆ ಕಾಯಿಲೆ ಇಳಿಯುತ್ತದೆ. ಅನುಭವವಿದ್ದ ಡಾಕ್ಟರು, ನರ್ಸು ವರ್ಗವಾಗಿ ಹೋಗುತ್ತಾರೆ. ಬರೆದಿಡದಿದ್ದರೆ ಅವರ ತಿಳುವಳಿಕೆಯೂ ಅವರ ಜೊತೆಗೇ ಹೋಗುತ್ತದೆ. 2021ರಲ್ಲಿ ಕೊರೊನಾ ಬಂದಾಗ ಆಮ್ಲಜನಕಕ್ಕೆ ಪರದಾಡಿದೆವು. ಆಮೇಲೆ ಅನೇಕ ಸರ್ಕಾರಿ ಆಸ್ಪತ್ರೆಗಳಿಗೆ ಆಮ್ಲಜನಕ ಘಟಕ ಬಂತು. ಆದರೆ ಯಂತ್ರವೊಂದೇ ಸಾಲದು. ನಡೆಸಲು ಕಲಿತವರು, ಕರೆಂಟು, ರಿಪೇರಿಗೆ ಹಣ ಮೂರೂ ಬೇಕು.

ನಮ್ಮ ಸಂಘದ ನಡಾವಳಿ ಪುಸ್ತಕ ನೆನಪಿಸಿಕೊಳ್ಳಿ. ಪ್ರತಿನಿಧಿ ಬದಲಾದರೂ ಸಂಘ ನಿಲ್ಲುವುದಿಲ್ಲ, ಯಾಕೆಂದರೆ ಎಲ್ಲ ಬರೆದಿದೆ. ಆಸ್ಪತ್ರೆಯೂ ಪ್ರತಿ ಕಾಯಿಲೆಯ ನಂತರ ಕೂತು ನಾಲ್ಕು ಮಾತು ಬರೆಯಬೇಕು: ಯಾವುದು ತಡವಾಯಿತು? ಯಾವುದು ಸಾಲದೆ ಹೋಯಿತು? ಸರಿಪಡಿಸುವುದು ಯಾರ ಕೆಲಸ? ಯಾವ ತಿಂಗಳೊಳಗೆ?

ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ ಕಾಡುತ್ತದೆ. ಆದ್ದರಿಂದ ನಾವು ಕೇಳಬೇಕಾದ್ದು ಮಳೆಗಾಲದಲ್ಲೇ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ, ಗ್ರಾಮಸಭೆಯಲ್ಲಿ ಕೇಳೋಣ. ಜಗಳಕ್ಕಲ್ಲ, ಜೊತೆಗೂಡಿ ಕೆಲಸ ಮಾಡಲಿಕ್ಕೆ.

ಚರ್ಚೆಗೆ:
1. ಜ್ವರದವರ ರಕ್ತದ ಮಾದರಿ ನಮ್ಮ ಆಸ್ಪತ್ರೆಯಿಂದ ಎಷ್ಟು ದಿನದಲ್ಲಿ ಪ್ರಯೋಗಾಲಯ ಸೇರುತ್ತದೆ?
2. ಮಂಗ ಸತ್ತದ್ದು ಕಂಡರೆ ಮುಟ್ಟದೆ ಯಾರಿಗೆ ತಿಳಿಸಬೇಕು? ಆಶಾ ಕಾರ್ಯಕರ್ತೆಯನ್ನು ಕೇಳಿ ಪುಸ್ತಕದಲ್ಲಿ ಬರೆದಿಡಿ.
3. ರಾತ್ರಿ ರೋಗಿಯನ್ನು ದೊಡ್ಡಾಸ್ಪತ್ರೆಗೆ ಸಾಗಿಸಲು ಏನು ಏರ್ಪಾಡಿದೆ?