ಉಳಿದಿರುವ ಶ್ರವಣವನ್ನು ಉಳಿಸುವ ಔಷಧ



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯ ಖರ್ಚಿನ ಪಟ್ಟಿಯಲ್ಲಿ ‘ಡೆಕ್ಸಾಮೆಥಾಸೋನ್’ ಎಂಬ ಸ್ಟೀರಾಯ್ಡ್ ಕಂಡರೆ ಕೆಲವರು ಕೇಳುವುದುಂಟು: “ಕಿವಿ ಕೇಳಿಸದೆ ತಾನೇ ಆಪರೇಷನ್? ಇನ್ನು ಉಳಿಸುವುದೇನಿದೆ?” ನಾನು ವೈದ್ಯನಲ್ಲ, ನಿವೃತ್ತ ಬ್ಯಾಂಕ್ ಅಧಿಕಾರಿ. ಆದರೂ ನ್ಯಾಯವಾದ ಈ ಪ್ರಶ್ನೆಗೆ ಓದಿ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಒಳಕಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುರುಳಿಯಾಗಿದೆ. ಬುಡದ ಭಾಗ ಕೀರಲು ಸ್ವರಗಳನ್ನೂ ತುದಿಯ ಭಾಗ ತಗ್ಗಿನ ಸ್ವರಗಳನ್ನೂ ಗ್ರಹಿಸುತ್ತದೆ. ಹಲವರಲ್ಲಿ ಬುಡದ ಶಕ್ತಿ ಹೋಗಿದ್ದರೂ ತುದಿಯಲ್ಲಿ ಅಲ್ಪಸ್ವಲ್ಪ ಉಳಿದಿರುತ್ತದೆ. ಇದು ಕೈಯಲ್ಲಿರುವ ಅಸಲು. ಇಂಪ್ಲಾಂಟ್ ಕೊಡುವ ವಿದ್ಯುತ್ ಸಂಕೇತದೊಂದಿಗೆ ಈ ಸಹಜ ಶ್ರವಣವೂ ಸೇರಿದರೆ ಗದ್ದಲದ ನಡುವೆ ಮಾತು ತಿಳಿಯುವುದು, ಸಂಗೀತ ಸವಿಯುವುದು ಸುಲಭ.

ಎಲೆಕ್ಟ್ರೋಡ್ ತಂತಿಯನ್ನು ಒಳಸೇರಿಸುವಾಗ ನವಿರಾದ ಪೊರೆಗಳಿಗೆ ಪೆಟ್ಟಾಗಬಹುದು. ಆಮೇಲೆ ಉರಿಯೂತ ಹುಟ್ಟಿ, ತಂತಿಯ ಸುತ್ತ ನಾರಿನಂಥ ಅಂಗಾಂಶ ಬೆಳೆದು, ಉಳಿದ ಶ್ರವಣಕೋಶಗಳೂ ನಾಶವಾಗಬಹುದು. ಸ್ಟೀರಾಯ್ಡ್ ಈ ಉರಿಯೂತವನ್ನು ತಗ್ಗಿಸುತ್ತದೆ. ಅದನ್ನು ರಕ್ತನಾಳದ ಮೂಲಕ ಕೊಡಬಹುದು. ಕಿವಿತಮಟೆಯ ಮೂಲಕ ಮಧ್ಯಕಿವಿಗೆ ಚುಚ್ಚಬಹುದು. ಶಸ್ತ್ರಚಿಕಿತ್ಸೆಯ ವೇಳೆಯಲ್ಲೇ ಒಳಕಿವಿಯ ದ್ವಾರದ ಬಳಿ ಹಾಕಬಹುದು. ಔಷಧವನ್ನು ನಿಧಾನವಾಗಿ ಬಿಡುವ ಎಲೆಕ್ಟ್ರೋಡ್‌ಗಳೂ ರೂಪುಗೊಂಡಿವೆ.

ಹಾಗೆಂದು ಇದು ಖಾತರಿಯಲ್ಲ. ಹುಟ್ಟಿನಿಂದ ಇಲ್ಲದ ಅಥವಾ ಬಹುಕಾಲದ ಹಿಂದೆ ಹೋದ ಶ್ರವಣವನ್ನು ಸ್ಟೀರಾಯ್ಡ್ ಮರಳಿ ತರುವುದಿಲ್ಲ. ತೆಳುವಾದ ಎಲೆಕ್ಟ್ರೋಡ್, ಅದನ್ನು ನಿಧಾನವಾಗಿ ಸೇರಿಸುವ ನುರಿತ ಕೈ, ಇವೂ ಅಷ್ಟೇ ಮುಖ್ಯ. ಸ್ಟೀರಾಯ್ಡ್‌ನಿಂದ ರಕ್ತದ ಸಕ್ಕರೆ ಏರಬಹುದಾದ್ದರಿಂದ ಮಧುಮೇಹ ಇರುವವರು ಮೊದಲೇ ತಿಳಿಸಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರನ್ನು ಮೂರು ಮಾತು ಕೇಳಿ: ಎಷ್ಟು ಶ್ರವಣ ಉಳಿದಿದೆ? ಅದನ್ನು ಕಾಪಾಡಲು ಏನು ಮಾಡುತ್ತೀರಿ? ಸ್ಟೀರಾಯ್ಡ್ ಕೊಡುವುದಾದರೆ ಹೇಗೆ, ಎಷ್ಟು ದಿನ?

ಕೇರಳ ಸರ್ಕಾರ 2012ರಲ್ಲಿ ಆರಂಭಿಸಿದ ‘ಶ್ರುತಿತರಂಗಂ’ ಯೋಜನೆ 5 ವರ್ಷದವರೆಗಿನ ಮಕ್ಕಳಿಗೆ. ತಿರುವನಂತಪುರದ ಆಕ್ಕುಳಂನಲ್ಲಿರುವ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ, ಅಂದರೆ ‘ನಿಷ್’ನಲ್ಲಿ, ಶ್ರವಣ ಪರೀಕ್ಷೆ ಮತ್ತು ಮಾತಿನ ತರಬೇತಿಯ ಸೌಲಭ್ಯವಿದೆ. ಆದರೆ ತಗ್ಗಿನ ಸ್ವರ ಉಳಿದಿರುವವರಲ್ಲಿ ಅನೇಕರು ವರ್ಷಗಳ ಕಾಲ ಮೆಲ್ಲಮೆಲ್ಲನೆ ಶ್ರವಣ ಕಳೆದುಕೊಂಡ ದೊಡ್ಡವರು. ಅವರಿಗೆ ಈ ಯೋಜನೆಯ ಆಸರೆಯಿಲ್ಲ. ಕೊಚ್ಚಿಯಿಂದ ತಿರುವನಂತಪುರಕ್ಕೆ ಒಂದು ಬದಿಗೇ ಸುಮಾರು 200 ಕಿ.ಮೀ.; ಯಂತ್ರದ ಹೊಂದಾಣಿಕೆಗೆ, ತರಬೇತಿಗೆ ಮತ್ತೆ ಮತ್ತೆ ಹೋಗಬೇಕು. ಒಟ್ಟು ಬಿಲ್ಲಿನಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದಿನ ಬೆಲೆ ತೀರಾ ಸಣ್ಣದು. ಮುಂದಿನ ಓಡಾಟ, ಬ್ಯಾಟರಿ, ಕೇಬಲ್‌ಗಳ ಖರ್ಚೇ ಕುಟುಂಬವನ್ನು ಬಳಲಿಸುವುದು.

ಆದ್ದರಿಂದ ನಿಮ್ಮ ದೇಣಿಗೆ ಆಪರೇಷನ್ ದಿನಕ್ಕಷ್ಟೇ ಅಲ್ಲ, ಅದರ ನಂತರದ ವರ್ಷಗಳಿಗೂ ಬೇಕು. ಕೈಲಾದಷ್ಟು ಕೊಡಿ. ನಿಮ್ಮ ನೆರೆಯಲ್ಲಿ ಕಿವಿ ಮಂದವಾದವರಿದ್ದರೆ ಇಂದೇ ಪರೀಕ್ಷೆ ಮಾಡಿಸಲು ಹೇಳಿ.