ಕುಡಿತ ಬಿಟ್ಟ ಮೂರನೇ ರಾತ್ರಿ

ನಮ್ಮ ಕಡೆ ಗಂಡಸಿಗೆ ಕುಡಿತ ಬಿಡಿಸಬೇಕೆಂದರೆ ಮೊದಲು ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿಸುತ್ತಾರೆ. ಕೆಲವರಿಗೆ ಮನೆದೇವರು, ಕೆಲವರಿಗೆ ಯಡಿಯೂರು ಸಿದ್ಧಲಿಂಗೇಶ್ವರ. ಇನ್ನೂ ಖಚಿತವಾಗಬೇಕೆನ್ನುವವರು ತಿಪಟೂರಿನ ಮಗ್ಗುಲ ದಸರಿಘಟ್ಟಕ್ಕೆ ಹೋಗಿ, ಚೌಡೇಶ್ವರಿಯಮ್ಮ ಹಲಗೆಯ ಮೇಲೆ ಏನು ಬರೆಯುತ್ತಾಳೋ ಎಂದು ಕಾದು ಕೂರುತ್ತಾರೆ. ದೇವರ ಬಗ್ಗೆ ನನಗೆ ತಕರಾರಿಲ್ಲ, ನಾನೂ ಕೈಮುಗಿಯುವವಳೇ. ನನ್ನ ತಮ್ಮನೂ ಮನೆದೇವರ ಮುಂದೆ ಆಣೆ ಮಾಡಿದ, ಉಳಿಸಿಯೂ ಕೊಂಡ. ಅವನ ಪ್ರಾಣಕ್ಕೆ ಸಂಚಕಾರ ಬಂದದ್ದು ಆಗಲೇ.

ಅವನದು ಹುಳಿಯಾರು ಕಡೆಯ ಹಳ್ಳಿಯಲ್ಲಿ ತೆಂಗಿನ ತೋಟ. ನಾನು ತುರುವೇಕೆರೆಯಲ್ಲಿ ಮೇಷ್ಟ್ರು ಕೆಲಸ ಮಾಡುವವಳು. ಆಣೆಯಾದ ದಿನ ರಜೆ ಇತ್ತೆಂದು ನಾನು ಅಲ್ಲೇ ಉಳಿದೆ. ಮೊದಲ ದಿನ ಕೈ ನಡುಗಿತು, ಬೆವರಿದ, ಊಟ ಸೇರಲಿಲ್ಲ. ಎರಡನೇ ದಿನ ರೆಪ್ಪೆ ಮುಚ್ಚಲಿಲ್ಲ. 'ಚಟ ಬಿಡುವಾಗ ಹಂಗೇ ಕಣಮ್ಮ, ತಡ್ಕಬೇಕು' ಎಂದು ಬಂದವರೆಲ್ಲ ಹೇಳಿ ಹೋದರು. ಮೂರನೇ ರಾತ್ರಿ ಮಚ್ಚು ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. 'ಅಕ್ಕಯ್ಯ, ಅಲ್ನೋಡು, ಕಾಯಿ ಕೆಡವ್ತಾವ್ರೆ. ಗೊನೆಗೊನೆನೇ ಇಳಿಸ್ತಾವ್ರೆ.' ತೋಟದಲ್ಲಿ ನರಪಿಳ್ಳೆಯೂ ಇರಲಿಲ್ಲ. ಮಚ್ಚು ಕಿತ್ತುಕೊಂಡು ಒಳಗೆ ಕೂರಿಸಿದರೆ ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಬೆರಳಲ್ಲಿ ಒರೆಸತೊಡಗಿದ. ಒರೆಸಿದ ಬೆರಳನ್ನು ಪಂಚೆಗೆ ತಿಕ್ಕುವುದು, ಮತ್ತೆ ಒರೆಸುವುದು. ಬಿಳಿ ಸುಣ್ಣದ ಗೋಡೆ, ಒಂದು ಇರುವೆಯೂ ಇಲ್ಲ. ಅವ್ವ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಆಳನ್ನು ಓಡಿಸಿದಳು. ಅಷ್ಟರಲ್ಲಿ ಅವನಿಗೆ ಫಿಟ್ಸ್ ಬಂತು. ತಾಯತ ಬರುವ ಹೊತ್ತಿಗೆ ನಾವು ಕಾರಿನಲ್ಲಿದ್ದೆವು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಎಷ್ಟು ಕುಡಿಯುತ್ತಿದ್ದ ಎಂದಲ್ಲ, ಕೊನೆಯ ಸಲ ಯಾವಾಗ ಕುಡಿದ ಎಂದು. ಲೆಕ್ಕ ಹಾಕಿ ತಲೆಯಾಡಿಸಿದರು. ವರ್ಷಗಟ್ಟಲೆ ದಿನವೂ ಕುಡಿದರೆ ಮದ್ಯ ಮಿದುಳನ್ನು ಮಂಕು ಮಾಡುತ್ತಲೇ ಇರುತ್ತದೆ. ಅದಕ್ಕೆ ಎದುರಾಗಿ ಮಿದುಳು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡೇ ಬದುಕುವುದನ್ನು ಕಲಿಯುತ್ತದೆ. ಒಂದು ಬೆಳಿಗ್ಗೆ ಮದ್ಯ ನಿಂತರೆ ಉದ್ರೇಕವೊಂದೇ ಉಳಿಯುತ್ತದೆ. ನಡುಕ, ಬೆವರು ಕೆಲವೇ ಗಂಟೆಗಳಲ್ಲಿ ಶುರುವಾಗುತ್ತವೆ. ಫಿಟ್ಸ್ ಸಾಮಾನ್ಯವಾಗಿ ಮೊದಲ ಎರಡು ದಿನಗಳ ಒಳಗೆ, ಇಲ್ಲದ್ದು ಕಾಣುವ ಸನ್ನಿ ಎರಡು-ಮೂರನೇ ದಿನದ ಆಚೀಚೆ. ನಮ್ಮವನಲ್ಲಿ ಎರಡೂ ಒಟ್ಟಿಗೆ ಬಂದಿದ್ದವು. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಸಾಯುವವರಿದ್ದಾರೆ. ಬಹಳ ಕುಡಿಯುವವರನ್ನು ಆಸ್ಪತ್ರೆಯಲ್ಲಿಟ್ಟು, ಮದ್ಯದ ಬದಲು ಮಾತ್ರೆ ಕೊಟ್ಟು, ಆ ಮಾತ್ರೆಯನ್ನೂ ದಿನದಿನಕ್ಕೆ ಇಳಿಸಿ ಬಿಡಿಸಬೇಕಂತೆ. ಮೊದಲು ಬಿ1 ಜೀವಸತ್ವದ ಇಂಜೆಕ್ಷನ್ ಕೊಟ್ಟರು. ನಮ್ಮೂರುಗಳಲ್ಲಿ ಸುಸ್ತಾದ ಕುಡುಕನಿಗೆ ತಕ್ಷಣ 'ಬಾಟ್ಲು ಹಾಕ್ಸಿ' ಎನ್ನುವ ರೂಢಿಯಿದೆಯಲ್ಲ, ಅದನ್ನು ಹೇಳಿದೆ. ಕುಡಿಯುವವರ ಮೈಯಲ್ಲಿ ಬಿ1 ಬರಿದಾಗಿರುತ್ತದೆ, ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬಿದ್ದು ನೆನಪಿನ ಶಕ್ತಿಯೇ ಹೋಗಬಹುದು ಎಂದರು. ಇಷ್ಟು ಮುಖ್ಯವಾದ ಮಾತು ಯಾವ ಊರ ಗೋಡೆಯ ಮೇಲೂ ಬರೆದಿಲ್ಲ. 'ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು' ಎಂಬ ಜಾಹೀರಾತು ಮಾತ್ರ ಬಸ್ ಸ್ಟ್ಯಾಂಡಿನಿಂದ ಕೆರೆ ಏರಿಯವರೆಗೆ ಇದೆ.

ಆ ಜಾಹೀರಾತಿನವರು ಮಾರುವ ಪುಡಿಯ ಕತೆ ಹೇಳಲೇಬೇಕು. ಆಣೆಗೆ ಮುಂಚೆ ತಮ್ಮನ ಹೆಂಡತಿ ಯಾರೋ ಹೇಳಿದರೆಂದು ಅಂಥದೊಂದು ಪೊಟ್ಟಣ ತರಿಸಿ ಸಾರಿಗೆ ಹಾಕುತ್ತಿದ್ದಳು. ಕುಡಿದರೆ ಒಗ್ಗದಂತೆ ಮಾಡುವ ನಿಜವಾದ ಔಷಧಿ ಒಂದಿದೆ, ಹೆಸರು ಡೈಸಲ್ಫಿರಾಂ. 1940ರ ದಶಕದಲ್ಲಿ ಡೆನ್ಮಾರ್ಕಿನ ವೈದ್ಯರು ಅದರ ಈ ಗುಣ ಕಂಡುಕೊಂಡರು. ಅದನ್ನು ನುಂಗಿ ಕುಡಿದರೆ ಮುಖ ಕೆಂಪಗಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಆದ್ದರಿಂದಲೇ ರೋಗಿಗೆ ತಿಳಿಸಿ, ಒಪ್ಪಿಸಿ, ಹೃದಯ, ಯಕೃತ್ತು ನೋಡಿ ಕೊಡಬೇಕಾದ ಮಾತ್ರೆ ಅದು. ಇವಳ ಪುಡಿಯಲ್ಲಿ ಏನಿತ್ತೋ ದೇವರಿಗೇ ಗೊತ್ತು. ಆದರೆ ಆಗ ಅವನ ತಲೆಯಲ್ಲಿ ಅನುಮಾನದ ಹುಳ ಹೊಕ್ಕಿತ್ತು. ಕಾಯಿ ಕೆಡವುವ ಆಳಿನ ಜೊತೆ ಮಾತಾಡಿದಳು, ಹಾಲಿನ ಡೈರಿಯಲ್ಲಿ ತಡ ಮಾಡಿದಳು ಎಂದು ದಿನಾ ರಂಪ. ಊಟದಲ್ಲಿ ಏನೋ ಬೆರೆಸುತ್ತಾಳೆ ಎನ್ನುತ್ತಿದ್ದ. ಪುಡಿ ಸಿಕ್ಕಿದ ದಿನ ಅವನ ಹುಚ್ಚು ಅನುಮಾನಕ್ಕೆ ಸಾಕ್ಷಿಯೇ ದೊರೆತಂತಾಯಿತು. ವರ್ಷಗಟ್ಟಲೆ ಕುಡಿದವರಲ್ಲಿ ಹೆಂಡತಿಯ ಮೇಲಿನ ಇಂಥ ಸಂಶಯ ಒಂದು ಕಾಯಿಲೆಯಾಗಿಯೇ ಕಾಣಿಸಿಕೊಳ್ಳುತ್ತದೆ, ಹೊಡೆತ-ಕೊಲೆಯವರೆಗೂ ಹೋಗಬಹುದು ಎಂದು ಮನೋವೈದ್ಯರು ಹೇಳಿದಾಗ ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಷ್ಟು ದಿನ ಅದನ್ನು ಗಂಡನ ಗುಣ ಎಂದುಕೊಂಡಿದ್ದಳು.

ಎಲ್ಲರ ಕಣ್ಣೂ ಅವನ ಬಾಟಲಿಯ ಮೇಲೇ ಇತ್ತು. ಕುಡಿಯದ ಮನುಷ್ಯ ರಾತ್ರಿಯಿಡೀ ಎದ್ದು ಕೂತಿದ್ದರೆ, ಜನರ ಕಣ್ಣು ತಪ್ಪಿಸಿ ಓಡಾಡಿದರೆ, 'ಬದುಕಿ ಏನಾಗಬೇಕು' ಎಂದರೆ ಮನೆಯವರು ಗಾಬರಿಯಾಗಿ ಎಲ್ಲಿಗಾದರೂ ಕರೆದೊಯ್ಯುತ್ತಾರೆ. ಕುಡಿಯುವವನು ಅದೇ ಮಾತು ಆಡಿದರೆ 'ಎಣ್ಣೆ ಮಾತು' ಎಂದು ಮಗ್ಗುಲಾಗುತ್ತಾರೆ. ಈ ತಮ್ಮ ಪಿಯುಸಿ ಓದುವಾಗಲೇ ತುಂಬಿದ ಬಸ್ಸು ಹತ್ತಲಾರದೆ ಕೈಕಾಲು ತಣ್ಣಗಾಗಿ ವಾಪಸು ಬರುತ್ತಿದ್ದ. ಅಪ್ಪ ಹೋದ ಮೇಲೆ ನಿದ್ದೆ ಹೋಯಿತು. ಒಂದು ನೈಂಟಿ ಹಾಕಿದರೆ ನಿದ್ದೆ ಬರುತ್ತದೆ ಎಂದು ಯಾರೋ ಕಲಿಸಿದರು. ಬಂತು ಕೂಡ. ಸುಳ್ಳು ಹೇಳಬಾರದು, ಮೊದಮೊದಲು ಮದ್ಯ ಅವನಿಗೆ ಔಷಧಿಯಂತೆಯೇ ಕೆಲಸ ಮಾಡಿತು. ನಡುರಾತ್ರಿ ಅದರ ಅಮಲು ಇಳಿದೊಡನೆ ಎಚ್ಚರವಾಗುವುದು, ಎಚ್ಚರವಾದಾಗ ಭಯ ಎರಡರಷ್ಟಾಗುವುದು, ಮರುದಿನ ಇನ್ನೊಂದು ನೈಂಟಿ ಹೆಚ್ಚಾಗುವುದು ಆಮೇಲೆ.

ಅದರ ಪೂರ್ತಿ ಲೆಕ್ಕ ಸಿಕ್ಕಿದ್ದು ಅಟ್ಟದ ಮೇಲೆ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು-ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಅಲ್ಲಿಯ ತನಕ ಅಟ್ಟದ ಮೇಲೆ ಯಾರಿಗೂ ಕೆಲಸವಿಲ್ಲ. ಅವನು ಆಸ್ಪತ್ರೆಯಲ್ಲಿದ್ದಾಗ ನಾವು ಹೆಂಗಸರು ಆಳು ಹಿಡಿದು ಕಾಯಿ ಇಳಿಸಿದೆವು. ಒಂದೊಂದು ಕೊಯ್ಲಿನ ಕಾಯಿಯನ್ನು ಒಂದೊಂದು ರಾಶಿ ಹಾಕಿತ್ತು. ಹಳೆಯ ರಾಶಿಯ ಹಿಂದೆ 90 ಎಂ.ಎಲ್.ನ ಖಾಲಿ ಪ್ಯಾಕೆಟ್ಟು, ಮಡಿಸಿ ಸಂದಿಗೆ ಸಿಕ್ಕಿಸಿದ್ದವು. ಅದರ ಈಚಿನ ರಾಶಿಯ ಹಿಂದೆ 90, 180 ಕಲಸುಮೇಲೋಗರ. ತೀರಾ ಹೊಸ ರಾಶಿಯ ಹಿಂದೆ ಬರೀ 180, ಮಡಿಸಿಯೂ ಇರಲಿಲ್ಲ, ಎಸೆದಿದ್ದ. ಆಳು ಅವುಗಳನ್ನು ಮಂಕರಿಗೆ ತುಂಬಿಕೊಂಡು ಕೆಳಗಿಳಿದ. ಅವ್ವ ಮಾತಾಡಲಿಲ್ಲ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ನಮ್ಮೂರ ಹೆಂಗಸರು ಇನ್ನು ಬಚಾವಾದೆವು ಎಂದುಕೊಂಡಿದ್ದರು. ಈಚಲ ಹೆಂಡ ಅದಕ್ಕೂ ಮೊದಲೇ ಬಂದ್ ಆಗಿತ್ತು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ಬ್ರಾಂದಿ, ವಿಸ್ಕಿಯ ಪ್ಯಾಕೆಟ್ಟು ಬಂತು, ಅಷ್ಟೇ. ಇನ್ನು ಬೆಲೆಯ ವಿಚಾರ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್ಲಿಗೆ 11,750 ರೂಪಾಯಿ ಇದ್ದರೆ ತಿಪಟೂರು ಎಪಿಎಂಸಿ ಹರಾಜಿನಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಗುತ್ತಿತ್ತು. ರೈತರು ಧರಣಿ ಕೂತರು. ತಮ್ಮ ಕುಡಿದು ಹಾಳಾದದ್ದು ಬೆಲೆ ಬಿದ್ದದ್ದಕ್ಕೆ ಎಂದು ಊರಲ್ಲಿ ಈಗಲೂ ಹೇಳುತ್ತಾರೆ. ಬೆಲೆಯ ಚಿಂತೆ ಅವನನ್ನು ಅರೆಯಿತು ಎಂಬುದೇನೋ ನಿಜ. ಆದರೆ ಕೊಬ್ಬರಿಗೆ ಒಳ್ಳೆ ಬೆಲೆ ಇದ್ದ ವರ್ಷಗಳಲ್ಲೂ ಹರಾಜು ಮುಗಿಸಿ ಮಂಡಿಯಿಂದ ನೇರ ಅಂಗಡಿಗೆ ಹೋಗುತ್ತಿದ್ದ. ಬಿದ್ದರೆ ದುಃಖಕ್ಕೆ, ಏರಿದರೆ ಖುಷಿಗೆ. ಕಾರಣ ಹುಡುಕಿ ಕೊಡುವ ಕೆಲಸವನ್ನು ನಾವು ಅವನ ಪರವಾಗಿ ಮಾಡುತ್ತಿದ್ದೆವು.

ಆಸ್ಪತ್ರೆಯಿಂದ ಬಂದ ಮೇಲೆ ಕೆಲವು ವಾರ ಕುಡಿಯಲಿಲ್ಲ. ಮನೆಯಲ್ಲಿ ಹಬ್ಬ ಮಾಡಬೇಕಿತ್ತು. ಅವನೋ ಜಗುಲಿಯಲ್ಲಿ ಕಂಬಕ್ಕೆ ಒರಗಿ ಕೂತುಬಿಟ್ಟ. ತೋಟಕ್ಕೆ ನೀರು ಹಾಯಿಸಲು ಹೋಗಲಿಲ್ಲ, ಗಡ್ಡ ತೆಗೆಯಲಿಲ್ಲ, ಮಗಳು ಅಂಕಪಟ್ಟಿ ತಂದು ತೋರಿಸಿದರೆ ಹಾಳೆಯನ್ನೇ ನೋಡುತ್ತಿದ್ದ. 'ಕುಡೀವಾಗಲೇ ವಾಸಿಯಾಗಿದ್ದ' ಎಂದು ಅವನ ಹೆಂಡತಿ ಮೆಲ್ಲಗೆ ಅಂದಳು. ಕುಡಿತ ಬಿಡಿಸಿದ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತಿದು. ಡಾಕ್ಟರು ಮೊದಲೇ ಸೂಚನೆ ಕೊಟ್ಟಿದ್ದರು. ಮದ್ಯವೇ ತಂದ ಖಿನ್ನತೆಯಾದರೆ ಅದು ನಿಂತ ಮೂರು ನಾಲ್ಕು ವಾರದಲ್ಲಿ ಬಹುಮಟ್ಟಿಗೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ, ಅಥವಾ ಕುಡಿತಕ್ಕಿಂತ ಮೊದಲೇ ಇದ್ದದ್ದಾದರೆ, ಅದು ಬೇರೆಯೇ ಕಾಯಿಲೆ, ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಸಾಯುವ ಮಾತಾಡಿದರೆ ಮಾತ್ರ ಒಂದು ದಿನವೂ ಕಾಯಬೇಡಿ ಎಂದಿದ್ದರು.

ಮತ್ತೆ ತೋರಿಸುವ ಮೊದಲೇ ಒಂದು ಬೀಗರೂಟದಲ್ಲಿ ಕುಡಿದ. ನೆಂಟರು ಸೇರಿ ಅವನನ್ನು ಒಂದು ಕೇಂದ್ರಕ್ಕೆ ಹಾಕಿದರು. ಅದರ ಹೆಸರು ಇಲ್ಲಿ ಬೇಡ. ಮುಂಗಡ ಹಣ, ಗೇಟಿಗೆ ಬೀಗ, ಬೆಳಿಗ್ಗೆ ಭಜನೆ, ಆಮೇಲೆ ಬೈಗುಳ. ಮನೋವೈದ್ಯರು ಯಾವಾಗ ಬರುತ್ತಾರೆ ಎಂದು ಕೇಳಿದರೆ ಉತ್ತರವಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯೊಳಗೇ ಸೇರಿಸಿದೆ. ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗ ನೋಂದಣಿಯಾಗಿರಬೇಕು, ರೋಗಿಗೆ ಮಾನ ಮರ್ಯಾದೆ ಇರಬೇಕು. ಬೈಗುಳದಿಂದ ಚಟ ಬಿಡುವ ಹಾಗಿದ್ದರೆ ನಮ್ಮ ಅವ್ವನ ಬಾಯಿಗೇ ಎಂದೋ ಬಿಡಬೇಕಿತ್ತು. ಕರೆದುಕೊಂಡು ಬಂದೆವು.

ನಮ್ಮ ಸುತ್ತಿನ ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಗಳು ಎಲ್ಲರಿಗೂ ಗೊತ್ತು. ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ, ಕೊನೆಗೆ ಹೆಂಡತಿ ಮಕ್ಕಳನ್ನು ಕರೆಸುವುದು, ಆಮೇಲೆ ಊರಲ್ಲಿ ನವಜೀವನ ಸಮಿತಿಯ ಸಭೆ. ನನಗೆ ಹಿಡಿಸುವುದು ಈ ಕೊನೆಯದು. ಬಿಟ್ಟವರೇ ಬಿಟ್ಟವರ ಜೊತೆ ಕೂರುವುದು ದೊಡ್ಡ ಆಸರೆ. 1935ರಲ್ಲಿ ಅಮೆರಿಕದ ಅಕ್ರಾನ್ ಊರಿನಲ್ಲಿ ಇಬ್ಬರು ಕುಡುಕರು ಭೇಟಿಯಾಗಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಮೂಲವೂ ಇದೇ. ಆದರೆ ನನ್ನ ತಮ್ಮನಂಥವನಿಗೆ, ಫಿಟ್ಸ್ ಬಂದವನಿಗೆ, ಒಳಗೆ ಇನ್ನೊಂದು ಕಾಯಿಲೆ ಇಟ್ಟುಕೊಂಡವನಿಗೆ ಸಭೆಯ ಜೊತೆ ಡಾಕ್ಟರೂ ಬೇಕು. ಒಂದು ಸಾಕು ಎನ್ನುವವರ ಹತ್ತಿರ ನಾನು ಜಗಳಕ್ಕೇ ನಿಲ್ಲುತ್ತೇನೆ.

ಡಾಕ್ಟರು ಸಿಗುವುದು ನಾವಂದುಕೊಂಡಷ್ಟು ದೂರವಿರಲಿಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರದಂದು ಮನೋವೈದ್ಯರು ಬರುವ ಏರ್ಪಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆದರೂ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಮದ್ಯದ ಸಮಸ್ಯೆ ಇರುವ ನೂರು ಜನರಲ್ಲಿ ಸುಮಾರು 86 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮಂಗಳವಾರದ ಸಾಲಿನಲ್ಲಿ ನಿಂತು ನೋಡಿದವಳಾಗಿ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಗುರುತಿನವರು ಕಂಡರೆ 'ಶುಗರ್ ಚೆಕ್ ಮಾಡ್ಸಕ್ಕೆ ಬಂದೆ' ಎನ್ನುವವರೇ ಎಲ್ಲ.

ಅಲ್ಲಿನ ಡಾಕ್ಟರು ತಮ್ಮನಿಗೆ ಖಿನ್ನತೆ, ಆತಂಕದ ಮಾತ್ರೆ ಬರೆದರು. ಪಿಯುಸಿಯ ಬಸ್ಸಿನಿಂದ ಹಿಡಿದು ಎಲ್ಲ ಕೇಳಿದರು. ಬರೆಯುತ್ತಲೇ ತಲೆ ಎತ್ತಿ ಅವನ ಹೆಂಡತಿಗೆ 'ನಿಮಗೆ ನಿದ್ದೆ ಬರುತ್ತೇನಮ್ಮ?' ಎಂದರು. ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕೇಳುತ್ತಿದ್ದಾರೆ ಎಂಬಂತೆ. ಅವಳಿಗೂ ಒಂದು ಚೀಟಿಯಾಯಿತು. ಬಾಗಿಲು ಸದ್ದಾದರೆ ಎದೆ ಹೊಡೆದುಕೊಳ್ಳುವುದು, ಮಕ್ಕಳ ಮೇಲೆ ರೇಗುವುದು, ಹೊಲದಲ್ಲಿ ಸುಮ್ಮಸುಮ್ಮನೆ ಅಳು ಬರುವುದು, ಇವಕ್ಕೆಲ್ಲ ಮದ್ದಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕುಡಿಯುವವನ ಮನೆಯಲ್ಲಿ ರೋಗಿ ಒಬ್ಬನೇ ಇರುವುದಿಲ್ಲ.

2025ರಲ್ಲಿ ಕೊಬ್ಬರಿ ಕ್ವಿಂಟಲ್ಲಿಗೆ 25 ಸಾವಿರ ದಾಟಿದಾಗ ನನಗೆ ಭಯವಾಯಿತು. ಕೈಯಲ್ಲಿ ಅಷ್ಟು ದುಡ್ಡು ಅವನು ಯಾವತ್ತೂ ಕಂಡಿರಲಿಲ್ಲ. ಹರಾಜಿನ ದಿನ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ದುಡ್ಡು ಬ್ಯಾಂಕಿಗೇ ಹಾಕಿಸಿದ. ಇದು ಅವನದೇ ಯೋಚನೆ. ತುಂಬಿದ ಬಸ್ಸು ಮಾತ್ರ ಇನ್ನೂ ಹತ್ತುವುದಿಲ್ಲ, ಬೈಕಿನಲ್ಲೇ ತಿರುಗುತ್ತಾನೆ.

ಈಗ ಮನೆಯಲ್ಲಿ ಹೊಸ ಜಗಳ. 'ಕುಡಿಯೋದು ಬಿಟ್ಟಾಯ್ತು, ಇನ್ನು ಗುಳಿಗೆ ಯಾಕೆ, ಇದೂ ಒಂದು ಚಟವೇ' ಎಂದು ಅವ್ವ, ಅವಳ ಹಿಂದೆ ಅರ್ಧ ಊರು. ಡಾಕ್ಟರು ನಿಲ್ಲಿಸಿ ಎನ್ನುವವರೆಗೆ ನಿಲ್ಲಿಸಬಾರದು, ಹಾಗೆ ನಿಲ್ಲಿಸುವುದೂ ಒಮ್ಮೆಲೇ ಅಲ್ಲ ಎಂದು ನಾನು ಹೇಳಿ ಹೇಳಿ ಸಾಕಾಗಿದ್ದೇನೆ. ಮೊನ್ನೆ ಅವ್ವ ಮತ್ತೆ ಶುರು ಮಾಡಿದಾಗ ತಮ್ಮ ಒಳಗಿನಿಂದ 'ನಿನ್ನ ಬಿಪಿ ಗುಳಿಗೆ ನೀನು ನಿಲ್ಸು, ನಂದು ನಾನು ನಿಲ್ಲಿಸ್ತೀನಿ' ಎಂದ. ಅವ್ವ ಸಿಟ್ಟು ಮಾಡಿಕೊಂಡು ತುರುವೇಕೆರೆಗೆ, ನನ್ನ ಮನೆಗೆ ಬಂದು ಕೂತಿದ್ದಾಳೆ, ಬಿಪಿ ಗುಳಿಗೆಯ ಡಬ್ಬಿ ತರುವುದನ್ನು ಮರೆಯದೆ.